ಕಲಾ ಪ್ರದರ್ಶನ, ಕಲಾಮೇಳ, ಹರಾಜು: ಪದೇ ಪದೇ ಕೇಳುವ ಪ್ರಶ್ನೆಗಳು

ವೆನಿಸ್‌ನ ಬಿನಾಲೆ, ಬಾಸೆಲ್‌ನ ಮೇಳ, ನ್ಯೂಯಾರ್ಕಿನ ಹರಾಜು ಮೂರೂ ಪತ್ರಿಕೆಗಳ ಒಂದೇ ಪುಟದಲ್ಲಿ, ಒಂದೇ ಧಾಟಿಯಲ್ಲಿ ಬರುವುದರಿಂದ ಓದುವವರಿಗೆ ಎಲ್ಲವೂ ಕಲಸುಮೇಲೋಗರವಾಗುತ್ತದೆ. ಕಲೆಯಲ್ಲಿ ಆಸಕ್ತಿ ಇರುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ. ಕೆಲವಕ್ಕೆ ಒಂದೆರಡು ಸಾಲು ಸಾಕಾಯಿತು, ಕೆಲವನ್ನು ಬಿಡಿಸಿ ಹೇಳಬೇಕಾಯಿತು.

ಬಿನಾಲೆ, ಕಲಾಮೇಳ, ಹರಾಜು: ಮೂರಕ್ಕೂ ಏನು ವ್ಯತ್ಯಾಸ?

ಬಿನಾಲೆ ಎರಡು ವರ್ಷಕ್ಕೊಮ್ಮೆ ನಡೆಯುವ ದೊಡ್ಡ ಪ್ರದರ್ಶನ. ಯಾರ ಕೃತಿ ಇರಬೇಕು, ಯಾವುದರ ಪಕ್ಕ ಯಾವುದು ಇರಬೇಕು ಎಂಬುದನ್ನು ಕ್ಯುರೇಟರ್ ತೀರ್ಮಾನಿಸುತ್ತಾರೆ. ತಿಂಗಳುಗಟ್ಟಲೆ ನಡೆಯುತ್ತದೆ, ಬೆಲೆ ಚೀಟಿ ಇರುವುದಿಲ್ಲ. ಕಲಾಮೇಳ ವ್ಯಾಪಾರದ ಜಾಗ. ಗ್ಯಾಲರಿಗಳು ದುಬಾರಿ ಬಾಡಿಗೆ ಕೊಟ್ಟು ಮಳಿಗೆ ಹಿಡಿಯುತ್ತವೆ, ಕೆಲವೇ ದಿನಗಳಲ್ಲಿ ಮಾರಿ ಹೊರಡಬೇಕು. ಹರಾಜಿಗೆ ಬರುವುದು ಬಹುಪಾಲು ಆಗಲೇ ಯಾರದೋ ಸ್ವತ್ತಾಗಿರುವ ಕೃತಿ. ಸಾವು, ಸಾಲ, ವಿಚ್ಛೇದನ ಈ ಮೂರೇ ಹರಾಜು ಸಂಸ್ಥೆಗಳ ಹೊಟ್ಟೆ ಹೊರೆಯುವುದು ಎಂಬುದು ಆ ವೃತ್ತಿಯವರೇ ಆಡಿಕೊಳ್ಳುವ ಮಾತು.

ನನ್ನ ಮಟ್ಟಿಗೆ, ಯಾವುದೇ ಕೃತಿಯ ಮುಂದೆ ನಿಂತಾಗ ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ ಇದು: ಇದನ್ನು ಇಲ್ಲಿಗೆ ತಂದವರು ಯಾರು, ಯಾತಕ್ಕೆ ತಂದರು? ಇದಕ್ಕೆ ಉತ್ತರ ಸಿಕ್ಕರೆ ಗೋಡೆಯ ಮೇಲಿನ ಬರಹವನ್ನೂ ಮರುದಿನದ ಸುದ್ದಿಯನ್ನೂ ಎಷ್ಟು ನಂಬಬೇಕು ಎಂಬುದು ತಿಳಿಯುತ್ತದೆ.

ವೆನಿಸ್ ಬಿನಾಲೆಗೆ ಏಕೆ ಅಷ್ಟು ಮಹತ್ವ?

ಎಲ್ಲಕ್ಕಿಂತ ಹಳೆಯದು ಎಂಬುದು ಒಂದು ಕಾರಣ. ಶುರುವಾದದ್ದು 1895ರಲ್ಲಿ. ಇನ್ನೊಂದು ಕಾರಣ ದೇಶಗಳ ಪೆವಿಲಿಯನ್‌ಗಳು. ಜಾರ್ದಿನಿ ಎಂಬ ಉದ್ಯಾನದಲ್ಲಿ ಬೆಲ್ಜಿಯಂ 1907ರಲ್ಲಿ ತನ್ನದೇ ಕಟ್ಟಡ ಕಟ್ಟಿಕೊಂಡಿತು. ಒಂದೊಂದಾಗಿ ಬೇರೆ ದೇಶಗಳೂ ಕಟ್ಟಿದವು. ಯಾವ ದೇಶಕ್ಕೆ ಅಲ್ಲಿ ಸ್ವಂತ ಕಟ್ಟಡ ಇದೆ, ಯಾವುದು ಊರೊಳಗೆ ಬಾಡಿಗೆಯ ಹಳೇ ಅರಮನೆಯಲ್ಲಿದೆ ಎಂದು ನೋಡಿದರೆ ಇಪ್ಪತ್ತನೇ ಶತಮಾನದಲ್ಲಿ ಯಾರ ಕೈ ಮೇಲಿತ್ತು ಎಂಬುದು ಕಣ್ಣಿಗೆ ಕಟ್ಟುತ್ತದೆ. ಹಳೆಯ ಹಡಗು ಕಟ್ಟೆಯಾಗಿದ್ದ ಆರ್ಸೆನಾಲೆಯ ಉದ್ದನೆಯ ಶೆಡ್‌ಗಳು ಪ್ರದರ್ಶನದ ಇನ್ನೊಂದು ಮುಖ್ಯ ಜಾಗ.

ಅಲ್ಲಿ ಸಿಕ್ಕ ಬಹುಮಾನ ಕಲಾವಿದರ ಬದುಕನ್ನೇ ಬದಲಿಸಬಲ್ಲದು. 1964ರಲ್ಲಿ ಅಮೆರಿಕದ ರಾಬರ್ಟ್ ರೌಷನ್‌ಬರ್ಗ್ ಚಿತ್ರಕಲೆಯ ದೊಡ್ಡ ಬಹುಮಾನ ಪಡೆದಾಗ ಯುರೋಪಿನಲ್ಲಿ ಗದ್ದಲವೇ ಎದ್ದಿತು. ಕಲೆಯ ಕೇಂದ್ರ ಪ್ಯಾರಿಸ್ಸಿನಿಂದ ನ್ಯೂಯಾರ್ಕಿಗೆ ಸರಿಯಿತು ಎಂಬುದಕ್ಕೆ ಇಂದಿಗೂ ಆ ವರ್ಷವನ್ನೇ ತೋರಿಸುತ್ತಾರೆ.

ಇತ್ತೀಚಿನ ಬಹುಮಾನಗಳಲ್ಲಿ 2024ರದ್ದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಆಸ್ಟ್ರೇಲಿಯಾದ ಆದಿವಾಸಿ ಮೂಲದ ಆರ್ಚಿ ಮೂರ್ ತಮ್ಮ ದೇಶದ ಪೆವಿಲಿಯನ್ನಿನ ಗೋಡೆ, ಸೂರು ಎಲ್ಲವನ್ನೂ ಕಪ್ಪು ಹಲಗೆಯಂತೆ ಮಾಡಿ, ಬಿಳಿ ಸೀಮೆಸುಣ್ಣದಲ್ಲಿ ತಮ್ಮ ವಂಶವೃಕ್ಷವನ್ನು ಕೈಯಾರೆ ಬರೆದರು. ಬರೆಯಲು ತಿಂಗಳುಗಳೇ ಹಿಡಿದವು. ಅದು 65,000 ವರ್ಷ ಹಿಂದಕ್ಕೆ ಹೋಗುತ್ತದೆ. ಮೇಲೆ ಮೇಲೆ ಹೋದಂತೆ ಹೆಸರುಗಳು ಕತ್ತಲಲ್ಲಿ ಕರಗುತ್ತವೆ. ನಡುವೆ ನೀರು ತುಂಬಿದ ತೊಟ್ಟಿ, ಅದರ ಮೇಲೆ ದೊಡ್ಡ ಮೇಜು, ಮೇಜಿನ ತುಂಬ ಕಾಗದದ ಕಟ್ಟುಗಳು. ಪೊಲೀಸರ ವಶದಲ್ಲಿ, ಜೈಲಿನಲ್ಲಿ ಸತ್ತ ಆದಿವಾಸಿಗಳ ಮರಣ ವಿಚಾರಣೆಯ ದಾಖಲೆಗಳು ಅವು. ಆಸ್ಟ್ರೇಲಿಯಾಕ್ಕೆ ಮೊದಲ ಸಲ ಚಿನ್ನದ ಸಿಂಹ ಎಂಬ ಬಿನಾಲೆಯ ಅತಿ ದೊಡ್ಡ ಬಹುಮಾನ ಸಿಕ್ಕಿದ್ದು ಇದಕ್ಕೆ. ಸೀಮೆಸುಣ್ಣದ ಬರಹವನ್ನು ಕಟ್ಟಿಕೊಂಡು ಹೋಗಿ ಮಾರಲು ಬರುವುದಿಲ್ಲ. ಇಂಥದ್ದಕ್ಕೆ ಜಾಗ ಕೊಡುವುದೇ ಬಿನಾಲೆಯ ದೊಡ್ಡ ಕೆಲಸ ಎಂದು ನಾನು ನಂಬುತ್ತೇನೆ.

ಬಿನಾಲೆಯಲ್ಲಿ ನೋಡಿದ ಕೃತಿಯನ್ನು ಕೊಳ್ಳಬಹುದೇ?

ಅಲ್ಲಿಯೇ ಕೊಳ್ಳಲು ಆಗದು. ವೆನಿಸ್‌ನಲ್ಲಿ ಹಿಂದೆ ಮಾರಾಟದ ಕಚೇರಿಯೇ ಇತ್ತು. 1968ರ ವಿದ್ಯಾರ್ಥಿ ಚಳವಳಿಯ ಪ್ರತಿಭಟನೆಯ ನಂತರ ಅದನ್ನು ಕೈಬಿಟ್ಟರು. ಆದರೆ ಕಲಾವಿದರ ಗ್ಯಾಲರಿಯವರು ಉದ್ಘಾಟನೆಯ ವಾರ ಅಲ್ಲೇ ಓಡಾಡುತ್ತಿರುತ್ತಾರೆ. ಮಾತು ವೆನಿಸ್‌ನಲ್ಲಿ ಆಗುತ್ತದೆ, ಬಿಲ್ಲು ಬೇರೆ ಊರಿನಲ್ಲಿ.

ಡಾಕ್ಯುಮೆಂಟಾ ಎಂದರೇನು? ಐದು ವರ್ಷಕ್ಕೊಮ್ಮೆ ಏಕೆ?

ಜರ್ಮನಿಯ ಕಾಸೆಲ್ ನಗರದಲ್ಲಿ 1955ರಲ್ಲಿ ಆರ್ನಾಲ್ಡ್ ಬೋಡೆ ಎಂಬ ಕಲಾವಿದ, ಅಧ್ಯಾಪಕ ಇದನ್ನು ಶುರು ಮಾಡಿದರು. ಯುದ್ಧದ ಬಾಂಬಿಗೆ ಊರು ನೆಲಸಮವಾಗಿತ್ತು. 1937ರಲ್ಲಿ ನಾತ್ಸಿಗಳು ಮ್ಯೂನಿಕ್‌ನಲ್ಲಿ ಆಧುನಿಕ ಕಲೆಯನ್ನು ಕೊಳೆತ ಕಲೆ ಎಂದು ಹಂಗಿಸಿ ಪ್ರದರ್ಶನಕ್ಕಿಟ್ಟಿದ್ದರು. ಹಾಗೆ ಮರ್ಯಾದೆ ಕಳೆದುಕೊಂಡ ಕಲೆಯನ್ನು, ಬಾಂಬಿನಿಂದ ಹಾಳಾದ ಫ್ರಿಡೆರಿಸಿಯಾನುಮ್ ಕಟ್ಟಡದೊಳಗೆ ಮತ್ತೆ ಜನರ ಮುಂದಿಡುವುದು ಬೋಡೆಯ ಉದ್ದೇಶವಾಗಿತ್ತು. ಇಂದು ಐದು ವರ್ಷಕ್ಕೊಮ್ಮೆ ನೂರು ದಿನ ನಡೆಯುತ್ತದೆ. ಪ್ರತಿ ಸಲವೂ ಹೊಸ ನಿರ್ದೇಶಕರು ಬರುತ್ತಾರೆ, ಹೊಸ ವಾದ ಮುಂದಿಡುತ್ತಾರೆ, ಅದಕ್ಕೆ ಸಮಯ ಬೇಕು.

1982ರಲ್ಲಿ ಕಲಾವಿದ ಯೋಸೆಫ್ ಬಾಯ್ಸ್ ಆ ಕಟ್ಟಡದ ಮುಂದೆ 7,000 ಬಸಾಲ್ಟ್ ಕಲ್ಲುಗಳನ್ನು ರಾಶಿ ಹಾಕಿಸಿದರು. ಒಂದು ಗಿಡ ನೆಟ್ಟರೆ ಮಾತ್ರ ರಾಶಿಯಿಂದ ಒಂದು ಕಲ್ಲು ತೆಗೆದು ಅದರ ಪಕ್ಕ ನಿಲ್ಲಿಸಬೇಕು. ನಗರದವರು ಮೊದಮೊದಲು ಸಿಟ್ಟಾದರು. ಬಾಯ್ಸ್ 1986ರಲ್ಲಿ ತೀರಿಕೊಂಡರು. ಕೊನೆಯ ಗಿಡವನ್ನು 1987ರಲ್ಲಿ ಅವರ ಮಗ ನೆಟ್ಟರು. ಆಗ ಕಲ್ಲು ಎದ್ದು ಕಾಣುತ್ತಿತ್ತು, ಗಿಡ ಸಣ್ಣದಿತ್ತು. ಈಗ ಕಾಸೆಲ್‌ನ ಬೀದಿಗಳಲ್ಲಿ ಮರಗಳೇ ಎತ್ತರ.

2022ರ ಆವೃತ್ತಿಯನ್ನು ಇಂಡೊನೇಷ್ಯಾದ ರುವಾಂಗ್ರುಪಾ ಎಂಬ ಕಲಾವಿದರ ಗುಂಪು ನಡೆಸಿತು. ಅಲ್ಲಿನ ಒಂದು ದೊಡ್ಡ ಬ್ಯಾನರಿನಲ್ಲಿ ಯಹೂದಿ ದ್ವೇಷದ ಚಿತ್ರಗಳಿವೆ ಎಂಬ ಕಾರಣಕ್ಕೆ ಅದನ್ನು ಇಳಿಸಬೇಕಾಯಿತು, ವಿವಾದ ಪ್ರದರ್ಶನದ ಉದ್ದಕ್ಕೂ ನಡೆಯಿತು. ಆ ಗದ್ದಲದಲ್ಲಿ, ಗುಂಪಾಗಿ ದುಡಿದು ಹಂಚಿಕೊಳ್ಳುವ ಬಗ್ಗೆ ಅವರು ಎತ್ತಿದ್ದ ಪ್ರಶ್ನೆ ಯಾರ ಕಿವಿಗೂ ಬೀಳಲಿಲ್ಲ. ಎರಡೂ ನಿಜ: ಬ್ಯಾನರಿನ ತಪ್ಪು ದೊಡ್ಡದು, ಆ ಪ್ರಶ್ನೆಯೂ ದೊಡ್ಡದು.

ಯುರೋಪಿನ ಆಚೆ ನೋಡಬೇಕಾದ ಬಿನಾಲೆಗಳು ಯಾವುವು?

ಬ್ರೆಜಿಲ್‌ನ ಸಾವೊ ಪೌಲೊ 1951ರಿಂದ ನಡೆಸುತ್ತಿದೆ. ಹವಾನಾ 1984ರಲ್ಲಿ, ಇಸ್ತಾಂಬುಲ್ 1987ರಲ್ಲಿ, ಶಾರ್ಜಾ 1993ರಲ್ಲಿ, ದಕ್ಷಿಣ ಕೊರಿಯಾದ ಗ್ವಾಂಗ್ಜು 1995ರಲ್ಲಿ ಶುರು ಮಾಡಿದವು. ಗ್ವಾಂಗ್ಜು 1980ರಲ್ಲಿ ಸೇನಾ ಆಡಳಿತದ ವಿರುದ್ಧ ದಂಗೆ ಎದ್ದು ರಕ್ತ ಹರಿದ ಊರು. ಆ ನೆನಪು ಅಲ್ಲಿನ ಬಿನಾಲೆಯಿಂದ ಎಂದೂ ದೂರವಾಗಿಲ್ಲ. ಕೊಚ್ಚಿ-ಮುಜಿರಿಸ್ ಬಿನಾಲೆ 2012ರ ಡಿಸೆಂಬರ್ 12ರಂದು ಬಾಗಿಲು ತೆರೆಯಿತು. ಅದನ್ನು ಕಟ್ಟಿದ ಬೋಸ್ ಕೃಷ್ಣಮಾಚಾರಿ, ರಿಯಾಸ್ ಕೋಮು ಇಬ್ಬರೂ ಕಲಾವಿದರು. ಒಂದನ್ನೇ ಆರಿಸು ಎಂದರೆ ನಾನು ಹವಾನಾದ ಆರಂಭದ ವರ್ಷಗಳನ್ನು ಆರಿಸುತ್ತೇನೆ. ಯುರೋಪು, ಅಮೆರಿಕಗಳ ಒಪ್ಪಿಗೆಗೆ ಕಾಯದೆ ಲ್ಯಾಟಿನ್ ಅಮೆರಿಕ, ಆಫ್ರಿಕಾ, ಏಷ್ಯಾದ ಕಲಾವಿದರು ಪರಸ್ಪರ ನೋಡಿಕೊಳ್ಳಬಹುದು ಎಂದು ಅದು ತೋರಿಸಿಕೊಟ್ಟಿತು.

ಆರ್ಟ್ ಬಾಸೆಲ್‌ನಂಥ ಮೇಳದಲ್ಲಿ ನಿಜವಾಗಿ ಏನು ನಡೆಯುತ್ತದೆ?

ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ 1970ರಲ್ಲಿ ಮೂವರು ಗ್ಯಾಲರಿ ಮಾಲೀಕರು ಸೇರಿ ಶುರು ಮಾಡಿದ ಮೇಳ ಇದು. ಅದಕ್ಕೂ ಮೂರು ವರ್ಷ ಮೊದಲೇ ಕೊಲೋನ್‌ನಲ್ಲಿ ಇಂಥ ಮೇಳ ನಡೆದಿತ್ತು. ಬಾಸೆಲ್ ನಂತರ ಮಯಾಮಿ ಬೀಚ್, ಹಾಂಗ್‌ಕಾಂಗ್, ಪ್ಯಾರಿಸ್‌ಗೂ ಹರಡಿತು. ಯಾವ ಗ್ಯಾಲರಿಗೆ ಮಳಿಗೆ ಕೊಡಬೇಕು ಎಂದು ಬೇರೆ ಗ್ಯಾಲರಿಯವರೇ ಇರುವ ಸಮಿತಿ ನಿರ್ಧರಿಸುತ್ತದೆ. ಅಂದರೆ ಒಬ್ಬ ವ್ಯಾಪಾರಿಯ ಅರ್ಜಿಯನ್ನು ಇನ್ನೊಬ್ಬ ವ್ಯಾಪಾರಿ ನೋಡುತ್ತಾನೆ. ಈ ವ್ಯವಸ್ಥೆಯ ಬಗ್ಗೆ ದೂರುಗಳಿವೆ, ಇರಬೇಕಾದದ್ದೇ.

ಸಾರ್ವಜನಿಕರಿಗೆ ಬಾಗಿಲು ತೆರೆಯುವ ಹೊತ್ತಿಗೆ ದೊಡ್ಡ ವ್ಯಾಪಾರ ಮುಗಿದಿರುತ್ತದೆ. ಮೊದಲ ದಿನಗಳು ಆಹ್ವಾನಿತರಿಗೆ ಮೀಸಲು. ಅದಕ್ಕೂ ಮುಂಚೆ ಗ್ಯಾಲರಿಗಳು ತಮ್ಮ ಖಾಯಂ ಗಿರಾಕಿಗಳಿಗೆ ಕೃತಿಗಳ ಪಟ್ಟಿಯನ್ನು ಪಿಡಿಎಫ್ ಆಗಿ ಕಳಿಸಿರುತ್ತವೆ. ಹಣವಿದ್ದ ಮಾತ್ರಕ್ಕೆ ಕೃತಿ ಸಿಗುವುದೂ ಇಲ್ಲ. ಬೇಡಿಕೆಯ ಕಲಾವಿದರದಾದರೆ, ಕೊಳ್ಳುವವರು ಯಾರು, ಮುಂದಿನ ವರ್ಷವೇ ಹರಾಜಿಗೆ ಹಾಕಿಬಿಡುವವರೇ ಎಂದು ಗ್ಯಾಲರಿ ವಿಚಾರಿಸುತ್ತದೆ, ವಸ್ತುಸಂಗ್ರಹಾಲಯಗಳಿಗೆ ಮೊದಲ ಆದ್ಯತೆ ಕೊಡುತ್ತದೆ.

ಸುಮ್ಮನೆ ನೋಡಲು ಹೋಗುವವರಿಗೆ ಬಾಸೆಲ್‌ನ ಅನ್‌ಲಿಮಿಟೆಡ್ ವಿಭಾಗ ಒಳ್ಳೆಯದು. ಮಳಿಗೆಯಲ್ಲಿ ಹಿಡಿಸದಷ್ಟು ದೊಡ್ಡ ಕೃತಿಗಳು ಅಲ್ಲಿರುತ್ತವೆ. ಹಳೆಯ ಕಲೆ ಇಷ್ಟಪಡುವವರು ನೆದರ್ಲೆಂಡ್ಸ್‌ನ ಮಾಸ್ಟ್ರಿಕ್ಟ್‌ನಲ್ಲಿ ನಡೆಯುವ ಟೆಫಾಫ್‌ಗೆ ಹೋಗಬೇಕು. ಅಲ್ಲಿ ಬಾಗಿಲು ತೆರೆಯುವ ಮುಂಚೆ ತಜ್ಞರ ತಂಡಗಳು ಪ್ರತಿ ವಸ್ತುವನ್ನೂ ಪರೀಕ್ಷಿಸುತ್ತವೆ. ಆ ಹೊತ್ತಿಗೆ ಮಳಿಗೆಯವರು ಹೊರಗೆ ಹೋಗಬೇಕು. ಒಪ್ಪಿಗೆ ಸಿಗದ ವಸ್ತುವನ್ನು ಮೇಳ ಮುಗಿಯುವವರೆಗೆ ಎತ್ತಿಡುತ್ತಾರೆ.

ಗೋಡೆಗೆ ಅಂಟಿಸಿದ ಬಾಳೆಹಣ್ಣಿಗೆ ಅಷ್ಟು ದುಡ್ಡು ಕೊಟ್ಟರಲ್ಲ, ಅವರು ಕೊಂಡದ್ದು ಏನು?

ಒಂದು ಪ್ರಮಾಣಪತ್ರ, ಜೊತೆಗೆ ಹಣ್ಣನ್ನು ಹೇಗೆ ಅಂಟಿಸಬೇಕು ಎಂಬ ಸೂಚನೆ. ಹಣ್ಣು ಕೊಳೆತರೆ ಬೇರೆ ಹಣ್ಣು ಹಾಕಬಹುದು. ಇಟಲಿಯ ಮೌರಿಜಿಯೊ ಕ್ಯಾಟೆಲಾನ್ 2019ರಲ್ಲಿ ಆರ್ಟ್ ಬಾಸೆಲ್‌ನ ಮಯಾಮಿ ಮೇಳದಲ್ಲಿ ಇದನ್ನು ಇಟ್ಟಾಗ ಬೆಲೆ 1,20,000 ಡಾಲರ್. 2024ರ ನವೆಂಬರಿನಲ್ಲಿ ಸೋಥೆಬೀಸ್ ಎಂಬ ಹರಾಜು ಸಂಸ್ಥೆಯ ನ್ಯೂಯಾರ್ಕ್ ಹರಾಜಿನಲ್ಲಿ ಅದರ ಒಂದು ಪ್ರತಿ ಕಮಿಷನ್ ಸೇರಿ 62 ಲಕ್ಷ ಡಾಲರಿಗೆ ಹೋಯಿತು. ಕೊಂಡ ಕ್ರಿಪ್ಟೊ ಉದ್ಯಮಿ ಹಣ್ಣನ್ನು ಕ್ಯಾಮೆರಾಗಳ ಮುಂದೆ ತಿಂದರು.

ಇದು ಕಲೆಯೇ ಎಂದು ಕೇಳುವವರ ಮೇಲೆ ನನಗೆ ಬೇಸರವಿಲ್ಲ, ಕೇಳಲೇಬೇಕಾದ ಪ್ರಶ್ನೆ ಅದು. ಬೆಲೆ ಎಂಬುದು ವಸ್ತುವಿಗಲ್ಲ, ಜನರ ಒಪ್ಪಂದಕ್ಕೆ ಎಂದು ಕ್ಯಾಟೆಲಾನ್ ತೋರಿಸಿದರು. 2019ರಲ್ಲಿ ಅದಕ್ಕೆ ಚುರುಕಿತ್ತು. 2024ರ ಹೊತ್ತಿಗೆ ಅದು ಪ್ರಚಾರಕ್ಕೆ ಸರಕಾಗಿಬಿಟ್ಟಿತ್ತು.

ವಿನ್ಯಾಸಕ್ಕೇ ಮೀಸಲಾದ ಮೇಳ ಯಾವುದು?

ಮಿಲಾನಿನ ಸಾಲೋನೆ ದೆಲ್ ಮೊಬಿಲೆ. ಇಟಲಿಯ ಪೀಠೋಪಕರಣ ತಯಾರಕರು ರಫ್ತು ಹೆಚ್ಚಿಸಿಕೊಳ್ಳಲು 1961ರಲ್ಲಿ ಶುರು ಮಾಡಿದರು. ಪ್ರತಿ ಏಪ್ರಿಲ್‌ನಲ್ಲಿ ಊರಾಚೆಯ ರೋ ಮೈದಾನದಲ್ಲಿ ನಡೆಯುತ್ತದೆ. ಬೆಳಕಿನ ಸಾಧನಗಳ ವಿಭಾಗ ಎರಡು ವರ್ಷಕ್ಕೊಮ್ಮೆ. 1998ರಲ್ಲಿ ಶುರುವಾದ ಸಾಲೋನೆಸ್ಯಾಟೆಲೈಟ್‌ನಲ್ಲಿ 35ರೊಳಗಿನ ವಿನ್ಯಾಸಕಾರರು ತಮ್ಮ ಮಾದರಿಗಳನ್ನು ಇಡುತ್ತಾರೆ. ಅದೇ ವಾರ ಮಿಲಾನಿನ ಅಂಗಳ, ಗೋದಾಮು, ಅಂಗಡಿಗಳಲ್ಲೆಲ್ಲ ಫುವೊರಿಸಾಲೋನೆ ಎಂಬ ಹೊರಗಿನ ಪ್ರದರ್ಶನಗಳು. ಅವುಗಳಲ್ಲಿ ಬಹುಪಾಲಿಗೆ ಟಿಕೆಟ್ ಇಲ್ಲ, ಸಾಲು ಮಾತ್ರ ಉದ್ದ.

ಇದರ ಬೇರು ಹುಡುಕಿದರೆ 1851ರ ಲಂಡನ್ ಮಹಾಪ್ರದರ್ಶನಕ್ಕೆ ಹೋಗಬೇಕು. ಜೋಸೆಫ್ ಪ್ಯಾಕ್ಸ್ಟನ್ ಕಟ್ಟಿದ ಗಾಜು-ಕಬ್ಬಿಣದ ಕ್ರಿಸ್ಟಲ್ ಪ್ಯಾಲೇಸಿಗೆ ಸುಮಾರು 60 ಲಕ್ಷ ಭೇಟಿಗಳಾದವು. ಅದರ ಲಾಭದ ಹಣ, ಅಲ್ಲಿ ಕೊಂಡ ವಸ್ತುಗಳು ಇಂದಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂಗೆ ಅಡಿಪಾಯವಾದವು.

ಹರಾಜಿನ ಬೆಲೆ ಎಂದು ಪತ್ರಿಕೆಯಲ್ಲಿ ಬರುವುದು ಯಾವ ಬೆಲೆ?

ಪ್ರತಿ ಲಾಟಿಗೂ, ಅಂದರೆ ಹರಾಜಿಗಿಟ್ಟ ಪ್ರತಿ ವಸ್ತುವಿಗೂ, ಒಂದು ಅಂದಾಜು ಬೆಲೆ ಇರುತ್ತದೆ, ಅದು ಕ್ಯಾಟಲಾಗಿನಲ್ಲಿರುತ್ತದೆ. ಇದಕ್ಕಿಂತ ಕಡಿಮೆಗೆ ಕೊಡುವುದಿಲ್ಲ ಎಂಬ ಮಾಲೀಕರ ಗುಟ್ಟಿನ ಬೆಲೆ ರಿಸರ್ವ್. ಸುತ್ತಿಗೆ ಬಿದ್ದ ಬೆಲೆಯ ಮೇಲೆ ಕೊಂಡವರು ಹರಾಜು ಸಂಸ್ಥೆಗೆ ಕಮಿಷನ್ ಕೊಡಬೇಕು. ಸಾಧಾರಣ ಬೆಲೆಯ ಕೃತಿಗೆ ಅದು ಕಾಲು ಭಾಗದಷ್ಟಾಗುತ್ತದೆ, ಬೆಲೆ ಏರಿದಂತೆ ಪ್ರಮಾಣ ಇಳಿಯುತ್ತದೆ. ಸುದ್ದಿಯಲ್ಲಿ ಬರುವುದು ಈ ಕಮಿಷನ್ ಸೇರಿದ ಮೊತ್ತ. ಅಂದಾಜು ಬೆಲೆಯಲ್ಲಿ ಕಮಿಷನ್ ಸೇರಿರುವುದಿಲ್ಲ. ಎರಡನ್ನೂ ಅಕ್ಕಪಕ್ಕ ಇಟ್ಟು ಅಂದಾಜು ಮೀರಿ ಹೋಯಿತು ಎಂದು ಬರೆಯುವುದು ತಪ್ಪು ಲೆಕ್ಕ.

ಸಾಲ್ವತೋರ್ ಮುಂದಿ ಎಂಬ ಕ್ರಿಸ್ತನ ಚಿತ್ರವನ್ನೇ ತೆಗೆದುಕೊಳ್ಳಿ. 1958ರಲ್ಲಿ ಲಂಡನ್‌ನ ಹರಾಜಿನಲ್ಲಿ 45 ಪೌಂಡಿಗೆ ಹೋಗಿತ್ತು. 2005ರಲ್ಲಿ ಅಮೆರಿಕದ ಒಂದು ಸಣ್ಣ ಹರಾಜಿನಲ್ಲಿ 10,000 ಡಾಲರಿಗಿಂತ ಕಡಿಮೆಗೆ ಸಿಕ್ಕಿತು. ಮೇಲ್ಬಳಿದ ಬಣ್ಣ ತೆಗೆದು ದುರಸ್ತಿ ಮಾಡಿದ ಮೇಲೆ ಇದು ಲಿಯೊನಾರ್ಡೊ ಡಾ ವಿಂಚಿಯ ಕೈಯದು ಎಂಬ ಮಾತು ಬಲವಾಯಿತು. 2011ರಲ್ಲಿ ಲಂಡನ್‌ನ ನ್ಯಾಷನಲ್ ಗ್ಯಾಲರಿ ತನ್ನ ಲಿಯೊನಾರ್ಡೊ ಪ್ರದರ್ಶನದಲ್ಲಿ ಅದನ್ನು ತೂಗುಹಾಕಿತು. 2017ರ ನವೆಂಬರ್ 15ರಂದು ಹರಾಜು ಸಂಸ್ಥೆ ಕ್ರಿಸ್ಟೀಸ್ ಅದನ್ನು ನ್ಯೂಯಾರ್ಕಿನಲ್ಲಿ, ಹಳೆಯ ಕಲೆಯ ಹರಾಜಿನಲ್ಲಲ್ಲ, ಸಮಕಾಲೀನ ಕಲೆಯ ಸಂಜೆ ಹರಾಜಿನಲ್ಲಿ ಮಾರಿತು. ದೊಡ್ಡ ದುಡ್ಡಿನವರು ಬರುವುದು ಅಲ್ಲಿಗೆ. ಸುತ್ತಿಗೆ ಬಿದ್ದದ್ದು 40 ಕೋಟಿ ಡಾಲರಿಗೆ, ಕಮಿಷನ್ ಸೇರಿ 45.03 ಕೋಟಿ. ಅಂದಿನಿಂದ ಸಾರ್ವಜನಿಕರು ಆ ಚಿತ್ರವನ್ನು ಕಂಡಿಲ್ಲ. ಅದರಲ್ಲಿ ಲಿಯೊನಾರ್ಡೊ ಕೈ ಎಷ್ಟು, ಶಿಷ್ಯರದೆಷ್ಟು ಎಂಬ ಚರ್ಚೆ ನಿಂತಿಲ್ಲ. ಪ್ರದರ್ಶನ ಬೇರೆ, ಹರಾಜು ಬೇರೆ ಎಂದು ಮೇಲೆ ಹೇಳಿದೆ; ಒಳಗಿಂದೊಳಗೆ ಒಂದಕ್ಕೊಂದು ಹೇಗೆ ಕೊಂಡಿ ಹಾಕಿಕೊಂಡಿವೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಡ.

ಹರಾಜು ಮೊದಲೇ ನಿಗದಿಯಾಗಿರುತ್ತದೆಯೇ?

ನಿಗದಿ ಎನ್ನಲಾಗದು, ಆದರೆ ಕಾಣುವಷ್ಟು ಮುಕ್ತವೂ ಅಲ್ಲ. ರಿಸರ್ವ್ ಮುಟ್ಟುವವರೆಗೆ ಹರಾಜುಗಾರರು ಮಾಲೀಕರ ಪರವಾಗಿ ತಾವೇ ಕೂಗುತ್ತಾ ಬೆಲೆ ಏರಿಸಬಹುದು; ಷರತ್ತುಗಳಲ್ಲಿ ಇದನ್ನು ಬರೆದೇ ಇರುತ್ತಾರೆ. ದೊಡ್ಡ ಕೃತಿಗಳಿಗೆ ಇಂತಿಷ್ಟು ಬಂದೇ ಬರುತ್ತದೆ ಎಂದು ಮಾಲೀಕರಿಗೆ ಮೊದಲೇ ಗ್ಯಾರಂಟಿ ಕೊಡುವ ಪದ್ಧತಿ ಇದೆ. ಎಷ್ಟೋ ಸಲ ಆ ಹೊಣೆಯನ್ನು ಹೊರಗಿನ ಒಬ್ಬರು ಹೊತ್ತು, ಹಿಂತೆಗೆಯಲಾಗದ ಬಿಡ್ ಮೊದಲೇ ಇಟ್ಟಿರುತ್ತಾರೆ. ಕ್ಯಾಟಲಾಗಿನಲ್ಲಿ ಲಾಟಿನ ಪಕ್ಕದ ಸಣ್ಣ ಚಿಹ್ನೆಗಳು ಇದನ್ನೇ ಹೇಳುತ್ತವೆ, ಅವನ್ನು ಓದಿ.

ನಿಜವಾದ ಮೋಸ ನಡೆದದ್ದು ಬೇರೆ ಕಡೆ. ಸೋಥೆಬೀಸ್, ಕ್ರಿಸ್ಟೀಸ್ ಎರಡೂ ಒಳಗೊಳಗೆ ಮಾತಾಡಿಕೊಂಡು ಕಮಿಷನ್ ನಿಗದಿ ಮಾಡಿದ್ದು 2000ದಲ್ಲಿ ಬಯಲಾಯಿತು. ಗಿರಾಕಿಗಳಿಗೆ ಎರಡೂ ಸೇರಿ 51.2 ಕೋಟಿ ಡಾಲರ್ ಕಟ್ಟಿಕೊಟ್ಟವು; ಸೋಥೆಬೀಸ್‌ನ ಅಧ್ಯಕ್ಷರಾಗಿದ್ದ ಆಲ್ಫ್ರೆಡ್ ಟಾಬ್ಮನ್ ಜೈಲಿಗೆ ಹೋದರು.

ಹರಾಜಿನಲ್ಲಿ ಬಂದ ಹಣದಲ್ಲಿ ಕಲಾವಿದರಿಗೆ ಪಾಲುಂಟೇ?

ದೇಶದಿಂದ ದೇಶಕ್ಕೆ ಬೇರೆ. 1973ರಲ್ಲಿ ನ್ಯೂಯಾರ್ಕಿನ ಸಂಗ್ರಾಹಕ ರಾಬರ್ಟ್ ಸ್ಕಲ್ ತಮ್ಮ ಸಂಗ್ರಹ ಮಾರಿದಾಗ, ಹಿಂದೆ 900 ಡಾಲರಿಗೆ ಕೊಂಡಿದ್ದ ರೌಷನ್‌ಬರ್ಗ್ ಕೃತಿ 85,000ಕ್ಕೆ ಹೋಯಿತು. ಕಲಾವಿದನ ಕೈಗೆ ಒಂದು ಕಾಸೂ ಬರಲಿಲ್ಲ. ಹರಾಜು ಮುಗಿದ ಮೇಲೆ ರೌಷನ್‌ಬರ್ಗ್ ಸ್ಕಲ್ ಅವರನ್ನು ಎಲ್ಲರೆದುರೇ ತಳ್ಳಿ ತರಾಟೆಗೆ ತೆಗೆದುಕೊಂಡರು. ಫ್ರಾನ್ಸ್‌ನಲ್ಲಿ 1920ರಿಂದಲೇ ಮರುಮಾರಾಟದ ಪಾಲಿನ ಕಾನೂನಿದೆ. ಐರೋಪ್ಯ ಒಕ್ಕೂಟದಲ್ಲಿ ಶೇಕಡಾ 4ರಿಂದ ಶುರುವಾಗಿ ಬೆಲೆ ಏರಿದಂತೆ ಇಳಿಯುತ್ತದೆ, ಒಂದು ಮಾರಾಟಕ್ಕೆ 12,500 ಯುರೋ ಮಿತಿ. ಅಮೆರಿಕದಲ್ಲಿ ದೇಶವ್ಯಾಪಿ ಕಾನೂನು ಇಂದಿಗೂ ಇಲ್ಲ. ಇದು ಅನ್ಯಾಯ ಎಂದು ಯಾವ ಮುಲಾಜೂ ಇಲ್ಲದೆ ಹೇಳುತ್ತೇನೆ.

ನಕಲಿ ಕೃತಿಗಳು ದೊಡ್ಡ ಹರಾಜುಗಳಿಗೂ ಹೇಗೆ ನುಸುಳುತ್ತವೆ?

ಹೆಚ್ಚಾಗಿ ಹುಸಿ ಕತೆಯ ಮೂಲಕ. ಜರ್ಮನಿಯ ವೋಲ್ಫ್‌ಗಾಂಗ್ ಬೆಲ್ಟ್ರಾಕಿ ಇರುವ ಚಿತ್ರವನ್ನು ನಕಲು ಮಾಡುತ್ತಿರಲಿಲ್ಲ. ಹಳೆಯ ಪಟ್ಟಿಗಳಲ್ಲಿ ಹೆಸರಿದ್ದು ಕಳೆದುಹೋದ ಚಿತ್ರಗಳನ್ನು ಹೊಸದಾಗಿ ಬರೆಯುತ್ತಿದ್ದರು. ಹಿಂಬದಿಗೆ ಯುದ್ಧಪೂರ್ವದ ಹೆಸರಾಂತ ವ್ಯಾಪಾರಿಯೊಬ್ಬರ ಸಂಗ್ರಹದ್ದೆಂಬ ಹುಸಿ ಚೀಟಿ. ಹೆಂಡತಿಗೆ ಅಜ್ಜಿಯಂತೆ ವೇಷ ಹಾಕಿಸಿ, ಗೋಡೆಯ ಮೇಲೆ ಆ ಚಿತ್ರಗಳು ಕಾಣುವಂತೆ ಕಪ್ಪು-ಬಿಳುಪು ಫೋಟೊ ತೆಗೆದು, ಹಳೆಯ ಕಾಗದದ ಮೇಲೆ ಮುದ್ರಿಸಿದರು. ಕಾಂಪೆನ್‌ಡೊಂಕ್ ಎಂಬ ಕಲಾವಿದರದ್ದು, 1914ರದ್ದು ಎಂದು ಹೇಳಿದ ಒಂದು ಚಿತ್ರ 2006ರಲ್ಲಿ ಕೊಲೋನ್‌ನ ಹರಾಜಿನಲ್ಲಿ 28.8 ಲಕ್ಷ ಯುರೋಗೆ ಹೋಯಿತು. ಕೊಂಡವರು ಬಣ್ಣದ ಪರೀಕ್ಷೆ ಮಾಡಿಸಿದರು. ಬಿಳಿಯಲ್ಲಿ ಟೈಟಾನಿಯಂ ಸಿಕ್ಕಿತು. 1914ರಲ್ಲಿ ಆ ಬಣ್ಣ ಕಲಾವಿದರ ಕೈಗೆ ಬಂದಿರಲೇ ಇಲ್ಲ. 2011ರಲ್ಲಿ ಬೆಲ್ಟ್ರಾಕಿಗೆ ಶಿಕ್ಷೆಯಾಯಿತು.

ಅದಕ್ಕೇ ಕೃತಿ ಯಾರಿಂದ ಯಾರ ಕೈಗೆ ಬಂತು ಎಂಬ ಒಡೆತನದ ದಾಖಲೆಗೆ ಅಷ್ಟು ಬೆಲೆ. ಎಂ.ಎಫ್. ಹುಸೇನರ 1954ರ ಗ್ರಾಮ ಯಾತ್ರಾ ಚಿತ್ರವನ್ನು ದೆಹಲಿಯಲ್ಲಿ ಕೊಂಡ ವೈದ್ಯರೊಬ್ಬರು ಅದನ್ನು ನಾರ್ವೆಗೆ ಒಯ್ದು 1964ರಲ್ಲಿ ಓಸ್ಲೋದ ಆಸ್ಪತ್ರೆಗೆ ಕೊಟ್ಟಿದ್ದರು. ದಶಕಗಳ ಕಾಲ ಅದು ಆಸ್ಪತ್ರೆಯಲ್ಲೇ ಇತ್ತು. ನಡುವೆ ಎಲ್ಲೂ ಕೊಂಡಿ ತಪ್ಪಿಲ್ಲ. 2025ರ ಮಾರ್ಚ್‌ನಲ್ಲಿ ಕ್ರಿಸ್ಟೀಸ್‌ನ ನ್ಯೂಯಾರ್ಕ್ ಹರಾಜಿನಲ್ಲಿ 1.375 ಕೋಟಿ ಡಾಲರಿಗೆ ಮಾರಾಟವಾಯಿತು.

ಹೆಚ್ಚು ಬೆಲೆಗೆ ಹೋದದ್ದೇ ಹೆಚ್ಚು ಒಳ್ಳೆಯ ಕೃತಿಯೇ?

ಅಲ್ಲ. ಹರಾಜಿನ ದಾಖಲೆ ಹೇಳುವುದು ಒಂದೇ ಮಾತು: ಆ ಸಂಜೆ ಕನಿಷ್ಠ ಇಬ್ಬರಿಗೆ ಅದು ಬೇಕೇಬೇಕಿತ್ತು. 2025ರ ನವೆಂಬರಿನ ಒಂದೇ ವಾರದಲ್ಲಿ, ಸೋಥೆಬೀಸ್‌ನ ನ್ಯೂಯಾರ್ಕ್ ಹರಾಜುಗಳಲ್ಲಿ ಗುಸ್ತಾವ್ ಕ್ಲಿಮ್ಟ್ ಬರೆದ ಎಲಿಜಬೆತ್ ಲೆಡರರ್ ಭಾವಚಿತ್ರ 23.64 ಕೋಟಿ ಡಾಲರಿಗೂ, ಫ್ರೀಡಾ ಕಾಲೊ ತಾನು ಮಂಚದಲ್ಲಿ ಮಲಗಿದಂತೆ, ಮೇಲೆ ಅಸ್ಥಿಪಂಜರ ಇರುವಂತೆ ಬರೆದ ಚಿತ್ರ 5.47 ಕೋಟಿಗೂ ಹೋದವು. ಎರಡನೆಯದು ಮಹಿಳೆಯೊಬ್ಬರ ಕೃತಿಗೆ ಹರಾಜಿನಲ್ಲಿ ಸಿಕ್ಕ ಅತಿ ಹೆಚ್ಚಿನ ಬೆಲೆ. ನಡುವಿನ ಅಂತರ ಕಲೆಯದಲ್ಲ. ಇನ್ನು, ಜಗತ್ತು ತುಂಬಾ ಪ್ರೀತಿಸುವ ಎಷ್ಟೋ ಕೃತಿಗಳು ಮಾರಾಟಕ್ಕೆ ಬರುವುದೇ ಇಲ್ಲ. 2023ರಲ್ಲಿ ಆಮ್‌ಸ್ಟರ್‌ಡಾಂನ ರೈಕ್ಸ್‌ಮ್ಯೂಸಿಯಂ, ಹದಿನೇಳನೇ ಶತಮಾನದ ಡಚ್ ಕಲಾವಿದ ವರ್ಮೀರನ, ಉಳಿದಿರುವ ಮೂವತ್ತೇಳರಷ್ಟು ಚಿತ್ರಗಳಲ್ಲಿ 28ನ್ನು ಒಂದೇ ಸೂರಿನಡಿ ಕೂಡಿಸಿತು. ಟಿಕೆಟ್‌ಗಳು ಕೆಲವೇ ದಿನಗಳಲ್ಲಿ ಖಾಲಿಯಾದವು. ನೋಡಿದವರು ಆರೂವರೆ ಲಕ್ಷ.

ಕೊಳ್ಳುವ ಶಕ್ತಿ ಇಲ್ಲದವರು ಹರಾಜು ಸಂಸ್ಥೆಯೊಳಗೆ ಹೋಗಬಹುದೇ?

ಖಂಡಿತ ಹೋಗಬೇಕು. ಹರಾಜಿಗೆ ಮುಂಚೆ ಕೆಲವು ದಿನ ಎಲ್ಲ ಲಾಟ್‌ಗಳನ್ನು ಸಾರ್ವಜನಿಕರ ನೋಟಕ್ಕೆ ಇಡುತ್ತಾರೆ. ಲಂಡನ್, ನ್ಯೂಯಾರ್ಕ್, ಪ್ಯಾರಿಸ್, ಹಾಂಗ್‌ಕಾಂಗ್‌ಗಳಲ್ಲಿ ದೊಡ್ಡ ಸಂಸ್ಥೆಗಳ ಈ ಪ್ರದರ್ಶನಗಳಿಗೆ ಸಾಮಾನ್ಯವಾಗಿ ಟಿಕೆಟ್ ಇಲ್ಲ. ಮ್ಯೂಸಿಯಂನಂತೆ ಹಗ್ಗ ಕಟ್ಟಿ ದೂರ ನಿಲ್ಲಿಸುವುದು ಕಡಿಮೆ. ಬಣ್ಣದ ದಪ್ಪ, ಕ್ಯಾನ್ವಾಸಿನ ಬಿರುಕು, ಅಂಚಿನ ಹಳದಿ ಎಲ್ಲ ಹತ್ತಿರದಿಂದ ಕಾಣುತ್ತವೆ. ಕೃತಿಯ ಸ್ಥಿತಿಗತಿ ವರದಿಯನ್ನು ಕೇಳಿ. ಎಲ್ಲಿ ದುರಸ್ತಿಯಾಗಿದೆ ಎಂದು ಅದರಲ್ಲಿರುತ್ತದೆ. ಅಲ್ಲಿರುವ ತಜ್ಞರನ್ನು ವಿನಯದಿಂದ ಕೇಳಿದರೆ ಚಿತ್ರದ ಹಿಂಬದಿಯ ಚೀಟಿ, ಮುದ್ರೆಗಳ ಬಗ್ಗೆಯೂ ಹೇಳುತ್ತಾರೆ. ಅಲ್ಲಿರುವ ಎಷ್ಟೋ ಕೃತಿಗಳು ಒಂದು ಮನೆಯಿಂದ ಬಂದು ಇನ್ನೊಂದು ಮನೆಗೆ ಹೋಗುತ್ತವೆ, ಮತ್ತೆ ಹೊರಗೆ ಬರಲು ಒಂದು ತಲೆಮಾರೇ ಬೇಕಾಗಬಹುದು. ಕಲೆ ಕಲಿಯುತ್ತಿರುವವರು ಆ ಊರಿನಲ್ಲಿದ್ದೂ ಇದನ್ನು ತಪ್ಪಿಸಿಕೊಳ್ಳಬಾರದು.

ವರ್ಷದಲ್ಲಿ ಯಾವಾಗ ಎಲ್ಲಿ?

ಮಾರ್ಚ್‌ನಲ್ಲಿ ಮಾಸ್ಟ್ರಿಕ್ಟ್, ಏಪ್ರಿಲ್‌ನಲ್ಲಿ ಮಿಲಾನ್, ಜೂನ್‌ನಲ್ಲಿ ಬಾಸೆಲ್, ಅಕ್ಟೋಬರ್‌ನಲ್ಲಿ ಮೊದಲು ಲಂಡನ್‌ನ ಫ್ರೀಜ್ ಎಂಬ ಕಲಾಮೇಳ, ಬೆನ್ನಿಗೇ ಪ್ಯಾರಿಸ್, ಡಿಸೆಂಬರ್‌ನಲ್ಲಿ ಮಯಾಮಿ. ನ್ಯೂಯಾರ್ಕಿನ ದೊಡ್ಡ ಹರಾಜುಗಳು ಮೇ ಮತ್ತು ನವೆಂಬರ್‌ನಲ್ಲಿ. ವೆನಿಸ್‌ನಲ್ಲಿ ಈಗ ಸಮ ವರ್ಷಗಳಲ್ಲಿ ಕಲೆಯ ಬಿನಾಲೆ, ಬೆಸ ವರ್ಷಗಳಲ್ಲಿ ವಾಸ್ತುಶಿಲ್ಪದ್ದು. ಎರಡೂ ನವೆಂಬರ್‌ವರೆಗೆ ತೆರೆದಿರುತ್ತವೆ. ಉದ್ಘಾಟನೆಯ ವಾರ ಬಿಟ್ಟು ಸೆಪ್ಟೆಂಬರ್ ಕೊನೆಗೆ ಹೋದರೆ ನೂಕುನುಗ್ಗಲು ಕಡಿಮೆ. ಮುಂದಿನ ಡಾಕ್ಯುಮೆಂಟಾ 2027ರ ಬೇಸಿಗೆಯಲ್ಲಿ.